ಜರಡಿಯ ಎಡಗಣ್ಣು

ನನ್ನ ಕನ್ನಡಕದಂಗಡಿಯಲ್ಲಿ, ಗಲ್ಲಾದ ಹಿಂದಿನ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಕಡ್ಡಿಯಂಥ ಹನ್ನೊಂದು ಹುಡುಗರು, ನಡುವೆ ಟ್ರೋಫಿ. ಗಿರಾಕಿ ಅದರತ್ತ ಕಣ್ಣು ಹಾಯಿಸಿದರೆ ಸಾಕು, ನಾನು ಕೈಯಲ್ಲಿದ್ದ ಫ್ರೇಮು ಕೆಳಗಿಟ್ಟು ಕಥೆ ಶುರು ಮಾಡುತ್ತಿದ್ದೆ. ಒಳಗೆ ಗಾಜು ಒರೆಸುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಕೂಗುತ್ತಿದ್ದಳು: "ಶುರುವಾಯ್ತು ಪುರಾಣ! ಕೂತ್ಕೊಂಡು ಕೇಳಿ, ಬೇಗ ಮುಗಿಯೋದಲ್ಲ."

ಕಥೆ ಚೆನ್ನಾಗಿಯೇ ಇತ್ತು ಬಿಡಿ. ನಮ್ಮ ಕಾಲೇಜಿನ ಫುಟ್ಬಾಲ್ ತಂಡ ಎಂದರೆ ಊರಿಗೆಲ್ಲ ನಗೆಪಾಟಲು. ಆ ವರ್ಷ ಒಂದು ತಂಡಕ್ಕೆ ಬಸ್ಸು ತಪ್ಪಿತು, ಇನ್ನೊಂದು ತಂಡಕ್ಕೆ ಹೊಟ್ಟೆ ಕೆಟ್ಟಿತು; ನಾವು ಬೆವರು ಹರಿಸದೆ ಫೈನಲ್ಲಿಗೆ ಬಂದೆವು. ನಮ್ಮ ಪ್ರಿನ್ಸಿಪಾಲರು ಭುಜ ತಟ್ಟಿ, "ಮರ್ಯಾದೆಯಾಗಿ ಸೋತು ಬನ್ನಿ" ಎಂದು ಹರಸಿದರು. ಎದುರಿಗಿದ್ದದ್ದು ಟೂರ್ನಿಯಲ್ಲಿ ಒಂದೂ ಗೋಲು ಬಿಟ್ಟುಕೊಡದ ತಂಡ. ಅದರ ಗೋಲ್‌ಕೀಪರನನ್ನು ಎಲ್ಲರೂ 'ಗೋಡೆ' ಎಂದು ಕರೆಯುತ್ತಿದ್ದರು.

ಕೊನೆಯ ಗಳಿಗೆಯವರೆಗೂ ಎರಡೂ ಕಡೆ ಗೋಲಿಲ್ಲ. ನಾನು ಎಡ ಅಂಚಿನ ಆಟಗಾರ. ಇದ್ದಕ್ಕಿದ್ದಂತೆ ಬಲ ಅಂಚಿಗೆ, ಎಂದರೆ ಎದುರು ನಿಂತ ಗೋಡೆಯ ಎಡಕ್ಕೆ ಓಡಿ, ಅಲ್ಲಿ ಸಿಕ್ಕ ಚೆಂಡನ್ನು ದೂರದಿಂದಲೇ ಒದ್ದೆ. ಗೋಡೆ ಕದಲಲೇ ಇಲ್ಲ. ಚೆಂಡು ಅವನ ಎಡಗಡೆಯಿಂದ ಬಲೆಯೊಳಕ್ಕೆ ಹೋದ ಮೇಲೆ ಅವನು ತಿರುಗಿ ನೋಡಿದ. ಅಂದು ಸಂಜೆ ಮೆರವಣಿಗೆಯಲ್ಲಿ, ಯಾರದೋ ಹೆಗಲ ಮೇಲೆ ಕೂತು ನಾನು ಕಿರುಚಿದೆ: "ಗೋಡೆಯಲ್ಲ ಕಣ್ರೋ ಅದು, ಜರಡಿ!" ಹೆಸರು ಅಂಟಿಕೊಂಡುಬಿಟ್ಟಿತು. ಓದು ಮುಗಿಸಿ ಅವನು ಬಸ್ ಡ್ರೈವರ್ ಆದ. ಡಿಪೋದಲ್ಲೂ ಅವನು ಜರಡಿಯೇ.

ಗಿರಾಕಿಗಳಿಗೆ ನಾನು ಹೇಳದೆ ಬಿಡುತ್ತಿದ್ದದ್ದು ಒಂದೇ ಮಾತು. ಅಪ್ಪನ ಕನ್ನಡಕದಂಗಡಿಯಲ್ಲೇ ಬೆಳೆದವನು ನಾನು. ಆಟದ ಮೊದಲರ್ಧದಲ್ಲೇ ನೋಡಿದ್ದೆ: ತನ್ನ ಎಡಗಡೆಯಿಂದ ಚೆಂಡು ಬಂದರೆ ಗೋಡೆ ಕಣ್ಣು ಹೊರಳಿಸುತ್ತಿರಲಿಲ್ಲ, ಕೋಳಿಯ ಹಾಗೆ ಇಡೀ ಕತ್ತನ್ನೇ ತಿರುಗಿಸುತ್ತಿದ್ದ. ಅಂಥ ಮಕ್ಕಳು ಅಪ್ಪನ ಮುಂದೆ ಕುಳಿತದ್ದು ಎಷ್ಟೋ ಸಲ ಕಂಡಿದ್ದೆ. ಸೋಮಾರಿ ಕಣ್ಣು ಎನ್ನುತ್ತಿದ್ದರು ಅಪ್ಪ, ಹೊರಗೆ ಸರಿಯಾಗಿ ಕಂಡರೂ ನೋಡಲು ಕಲಿಯದ ಕಣ್ಣು. ಚಿಕ್ಕಂದಿನಲ್ಲಿ ತಿದ್ದದಿದ್ದರೆ ಆಮೇಲೆ ಯಾವ ಗಾಜಿಗೂ ಬಗ್ಗದು. ನಾನು ಗೆದ್ದದ್ದು ಹನ್ನೊಂದು ಜನರನ್ನಲ್ಲ, ಒಂದು ಕುರುಡು ಕಣ್ಣನ್ನು. ಅದನ್ನು ಬಾಯಿಬಿಟ್ಟರೆ ನನ್ನ ಗೋಲಿನ ಬೆಲೆ ಇಳಿಯುತ್ತಿತ್ತು. ಬಾಯಿಬಿಡಲಿಲ್ಲ.

ಹೋದ ವಾರ ಮಧ್ಯಾಹ್ನ ಜರಡಿ ಅಂಗಡಿಗೆ ಬಂದ. ಖಾಕಿ ಅಂಗಿ, ತಲೆಯೆಲ್ಲ ನರೆತಿದೆ, ನಗು ಮಾತ್ರ ಹಾಗೇ ಇದೆ.

"ಏನಪ್ಪಾ ಹೀರೋ, ವ್ಯಾಪಾರ ಜೋರಾ?" ಎನ್ನುತ್ತಾ ಫೋಟೋ ನೋಡಿದ. "ಇನ್ನೂ ಇಟ್ಕೊಂಡಿದ್ದೀಯಲ್ಲ!"

ನನ್ನ ಮುಖ ಬಿಸಿಯಾಯಿತು. ಅವನು ವಿಷಯಕ್ಕೆ ಬಂದ. ಇಷ್ಟು ದಿನ ಬಸ್ ಕಂಪನಿಯ ಡಾಕ್ಟರು ನೋಡಿದ ಹಾಗೆ ಮಾಡಿ ಸಹಿ ಹಾಕುತ್ತಿದ್ದರಂತೆ. ಈಗ ಹೊಸ ಮ್ಯಾನೇಜರು ಹೊರಗಿನ ಅಂಗಡಿಯಿಂದ ಕಣ್ಣಿನ ಚೀಟಿ ತರಲು ಹೇಳಿದ್ದಾರೆ. ತರದಿದ್ದರೆ ಕೆಲಸವಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷ. ಮಗಳ ಓದು ನಡೆಯುತ್ತಿದೆ.

ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದೆ. ಎಡಗಣ್ಣು ಮುಚ್ಚಿಸಿ ಎದುರಿನ ಅಕ್ಷರದ ಬೋರ್ಡು ಓದಿಸಿದೆ. ಬಲಗಣ್ಣು ಮೇಲಿನ ಸಾಲುಗಳನ್ನು ಓದಿತು, ಕೆಳಗೆ ಬಂದಂತೆ ತಡವರಿಸಿತು. ಟಾರ್ಚ್ ಹಿಡಿದು ನೋಡಿದರೆ ಪೊರೆ ಕಟ್ಟಲು ಶುರುವಾಗಿದೆ. ಆಮೇಲೆ ಬಲಗಣ್ಣು ಮುಚ್ಚಿಸಿದೆ. ಆಗ ಅವನು ಪಟಪಟನೆ ಕೊನೆಯ ಸಾಲಿನವರೆಗೂ ಹೇಳಿಬಿಟ್ಟ. ಅದು ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು; ಕಂಪನಿಯ ಡಾಕ್ಟರ ಬಳಿ ಇರುವುದೂ ಇದೇ ಬೋರ್ಡು. ನಾನು ಸುಮ್ಮನೆ ಎದ್ದು ಹೋಗಿ ಬೋರ್ಡನ್ನು ತಿರುಗಿಸಿ ಹಿಂದಿನ ಅಕ್ಷರಗಳನ್ನು ಮುಂದಕ್ಕೆ ಮಾಡಿದೆ.

"ಓದು."

 ಅವನ ಕತ್ತು ನಿಧಾನವಾಗಿ ಎಡಕ್ಕೆ ತಿರುಗಿತು, ಅಂದು ತಿರುಗುತ್ತಿದ್ದ ಹಾಗೆಯೇ. 

"ನಿಂಗೆ ಅವತ್ತೇ ಗೊತ್ತಿತ್ತು," ಎಂದ ಅವನು, ಕೈ ಕೆಳಗಿಳಿಸಿ. "ಇಡೀ ಆಟ ಎಡದಂಚಲ್ಲಿ ಓಡಾಡಿದೋನು ಸುಮ್ನೆ ಆ ಕಡೆ ಬರ್ತೀಯಾ? ಆದ್ರೂ ನೀನು ಯಾರ ಹತ್ರಾನೂ ಹೇಳ್ಲಿಲ್ಲ. ಹೇಳಿದ್ರೆ ನಂಗೆ ಸ್ಟೇರಿಂಗ್ ಯಾರು ಕೊಡ್ತಿದ್ರು? ಜರಡಿ ಅಂದ್ರಲ್ಲ, ಅನ್ನಲಿ ಬಿಡು. ಜರಡಿ ಅಂದೋರು ಯಾರೂ ಕಣ್ಣು ನೋಡ್ಲಿಲ್ಲ. ನನ್ನ ಹೆಂಡ್ತಿಗೂ ಹೇಳಿದ್ದೀನಿ, ಆ ಮನುಷ್ಯ ದೊಡ್ಡೋನು ಅಂತ. ಅದಕ್ಕೇ ಬೇರೆಲ್ಲೂ ಹೋಗ್ದೆ ನಿನ್ನ ಹತ್ರಾನೇ ಬಂದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನಗೆ ಕೃತಜ್ಞನಾಗಿದ್ದ! ನನ್ನ ಜಂಬವನ್ನು ದೊಡ್ಡತನ ಎಂದುಕೊಂಡು ಇಷ್ಟು ವರ್ಷ ಬದುಕಿದ್ದ. ಹಾಗಲ್ಲ ಕಣಪ್ಪಾ, ನಾನು ಬಾಯಿ ಮುಚ್ಚಿಕೊಂಡದ್ದು ನಿನಗೋಸ್ಕರ ಅಲ್ಲ ಎನ್ನಬೇಕಿತ್ತು. 

"ಸಂಜೆ ಹೊತ್ತು ಹೇಗೆ ಕಾಣುತ್ತೆ?" ಎಂದು ಕೇಳಿದೆ.

"ಎದುರಿನ ಲೈಟು ಸ್ವಲ್ಪ ಚೆಲ್ಲಾಡುತ್ತೆ. ನಿಭಾಯಿಸ್ತೀನಿ. ಇಲ್ಲೀವರ್ಗೂ ಒಂದು ನಾಯಿಗೂ ತಾಗ್ಸಿಲ್ಲ."

ಅದು ನಿಜವೇ ಇರಬೇಕು. ಇಷ್ಟು ದಿನ ಬಲಗಣ್ಣು ಎರಡರ ಕೆಲಸ ಮಾಡಿತ್ತು. ಈಗ ಅದೂ ಮಸುಕಾಗುತ್ತಿದೆ. ಪೊರೆ ತೆಗೆಸಬಹುದು, ಆದರೆ ಎಡಗಣ್ಣು ಮತ್ತೆ ಬರುವುದಿಲ್ಲ. ಪೆನ್ನು ಹಿಡಿದು ಕೂತೆ. ಕಣ್ಣು ಸರಿಯಿದೆ ಎಂದು ಒಂದು ಸಹಿ ಹಾಕಿದರೆ ನನ್ನ ಋಣ ತೀರಿದಂತೆ ಎಂಬ ಆಸೆ ಹುಟ್ಟಿದ್ದು ಸುಳ್ಳಲ್ಲ. ಆದರೆ ಆ ಋಣ ತೀರಿಸುವುದು ನಾನಲ್ಲ, ಯಾವುದೋ ಸಂಜೆ ಅವನ ಎಡಗಡೆಯಿಂದ ರಸ್ತೆಗಿಳಿಯುವ ಯಾರೋ. ಹಳೆಯ ತಪ್ಪಿಗೆ ಬೇರೆಯವರ ಪ್ರಾಣ ಕೊಟ್ಟು ಕೈತೊಳೆದುಕೊಳ್ಳುವುದು ನನ್ನಂಥವನಿಗೂ ಸಾಧ್ಯವಾಗಲಿಲ್ಲ.

ಕಂಡದ್ದನ್ನು ಕಂಡಂತೆ ಬರೆದೆ. ಚೀಟಿ ಅವನ ಮುಂದೆ ಇಟ್ಟೆ. ಅವನು ಅದನ್ನು ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ನನಗೇ ಚಾಚಿದ.

"ನೀನೇ ಓದಪ್ಪಾ. ನಿನ್ನ ಅಕ್ಷರ ಸಣ್ಣ."

ಓದಿದೆ.  ಬಸ್ಸು ಓಡಿಸಲು ಯೋಗ್ಯರಲ್ಲ ಎಂಬ ಕೊನೆಯ ಮಾತನ್ನೂ ಓದಿ ಮುಗಿಸಿದೆ.  ಇವನನ್ನು ಟಿಕೆಟ್ ಕೌಂಟರಿಗೆ ಹಾಕಿ ಎಂದು ಮ್ಯಾನೇಜರಿಗೆ ನಾನೇ ಬಂದು ಹೇಳುತ್ತೇನೆ ಎಂದೆ. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟು ಎದ್ದ.

ಬಾಗಿಲ ಬಳಿ ಅವನ ಎಡಭುಜ ಫ್ರೇಮುಗಳ ಸ್ಟ್ಯಾಂಡಿಗೆ ತಾಗಿ ನಾಲ್ಕಾರು ಕೆಳಗೆ ಬಿದ್ದವು. ಬಗ್ಗಿ ಒಂದೊಂದನ್ನೇ ತಡಕಿ ಎತ್ತಿಟ್ಟ. ನಾನು ಓಡಿ ಹೋಗಿ ಕೈ ಹಾಕಿದರೆ ಬೇಡ ಎಂದು ತಡೆದ. ಆಮೇಲೆ ಫೋಟೋದ ಕಡೆ ಕತ್ತು ತಿರುಗಿಸಿದ.

"ನಿಂದು ಎರಡು ಗೋಲಾಯ್ತು," ಎಂದ. "ಇದೂ ಎಡಗಡೆಯಿಂದಾನೇ."