ಕಿರ್, ಕಟ್, ಟಂಯ್

ಮಿನಿವ್ಯಾನಿನ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗೆಲ್ಲ ಅದೊಂದು ಸದ್ದು ಬರುತ್ತಿತ್ತು. ಎಂಥ ಸದ್ದು ಎಂದು ಕೇಳಿದರೆ ಮಾತ್ರ ಒಳಗೆ ಕೂತವರಲ್ಲಿ ಇಬ್ಬರ ಮಾತೂ ಒಂದಾಗುತ್ತಿರಲಿಲ್ಲ.

ವ್ಯಾನು ಓಡಿಸುವವಳನ್ನು ಎಲ್ಲರೂ ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಕಾರ್ಖಾನೆಯ ಐವರು ಹೆಂಗಸರನ್ನೂ, ಅಲ್ಲೇ ಹೊಲಿದಾದ ಅಂಗಿಗಳ ದಾರ ಕತ್ತರಿಸುವ ತನ್ನ ಅತ್ತೆಯನ್ನೂ ಬೆಳಿಗ್ಗೆ ಕರೆದೊಯ್ದು ಸಂಜೆ ಮನೆ ಮುಟ್ಟಿಸುವುದು ಅವಳ ಕೆಲಸ. ಅವಳ ಕಿವಿಗೆ ಆ ಸದ್ದು ‘ಕಿರ್’ ಎನ್ನುತ್ತಿತ್ತು. ನಡುವಿನ ಸೀಟಿನಲ್ಲಿ ಕೂರುತ್ತಿದ್ದ ಕಾಲರ್ ಅಕ್ಕ, ಅಂದರೆ ಕಾಲರ್ ಹೊಲಿಯುವವಳು, ಅದು ‘ಕಟ್’ ಎಂದು ಆಣೆ ಮಾಡುತ್ತಿದ್ದಳು. ಮುಂದೆ ಸೊಸೆಯ ಪಕ್ಕದಲ್ಲಿ ಕೂರುತ್ತಿದ್ದ ಅತ್ತೆಯದೇ ಬೇರೆ ರಾಗ.

“ಟಂಯ್ ಅನ್ನುತ್ತೆ ಕಣ್ರೇ.”

“ಟಂಯ್ ಅನ್ನೋಕೆ ಇದೇನು ವ್ಯಾನಾ, ಗಿಟಾರಾ?” ಎಂದು ಕಾಲರ್ ಅಕ್ಕ ನಗಿಸಿದರೆ ಹಿಂದಿನ ಸೀಟಿನವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅತ್ತೆ ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದರು.

ನಗುವೇನೋ ನಗುವೇ. ಆದರೆ ವ್ಯಾನಕ್ಕನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಕಾರ್ಖಾನೆಯ ಯಜಮಾನ ಒಂದು ದಿನ ಗೇಟಿನಲ್ಲಿ ಆ ಸದ್ದನ್ನು ಕೇಳಿಸಿಕೊಂಡುಬಿಟ್ಟಿದ್ದ. “ಸ್ಟೀರಿಂಗ್ ವಿಷಯ ಕಣಮ್ಮ, ಹುಡುಗಾಟ ಅಲ್ಲ. ರಿಪೇರಿ ಮಾಡಿಸು. ಇಲ್ಲಾಂದ್ರೆ ನಾನು ಬೇರೆ ಗಾಡಿ ಗೊತ್ತು ಮಾಡ್ಕೋತೀನಿ” ಎಂದಿದ್ದ. ವ್ಯಾನಿನ ವಾರಂಟಿ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಷ್ಟರೊಳಗೆ ದೋಷ ಸಿಕ್ಕರೆ ಖರ್ಚು ಕಂಪನಿಯ ತಲೆ ಮೇಲೆ, ಸಿಗದಿದ್ದರೆ ಇವಳ ತಲೆ ಮೇಲೆ. ಇವಳ ತಲೆಗೆ ಅಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ.

ಸರ್ವಿಸ್ ಸೆಂಟರಿಗೆ ಅವಳು ಆಗಲೇ ಎರಡು ಸಲ ಹೋಗಿ ಬಂದಿದ್ದಳು. ಮೊದಲ ಸಲ ‘ಕಿರ್’ ಎಂದಳು. ಅವರು ಸ್ಟೀರಿಂಗಿನ ಬುಡಕ್ಕೆ ಗ್ರೀಸು ಹಚ್ಚಿ ಕಳಿಸಿದರು. ಎರಡನೆಯ ಸಲ, ತನ್ನ ಕಿವಿಯೇ ತಪ್ಪಿರಬಹುದೆಂದು ಕಾಲರ್ ಅಕ್ಕನ ‘ಕಟ್’ ಅನ್ನು ಎರವಲು ಪಡೆದು ಹೇಳಿದಳು. ಅವರು ಕೆಳಗಿನ ಬೋಲ್ಟುಗಳನ್ನು ಬಿಗಿ ಮಾಡಿದರು. ಅತ್ತೆಯ ‘ಟಂಯ್’ ಅನ್ನು ಮಾತ್ರ ನಾಚಿಕೆಯಿಂದ ಬಾಯಿಬಿಡಲಿಲ್ಲ. ಎರಡು ಸಲವೂ ಅವರು ಓಡಿಸಿ ನೋಡಿದಾಗ ವ್ಯಾನು ಬಾಯಿಗೆ ಬೀಗ ಹಾಕಿಕೊಂಡಿತ್ತು.

“ನಮಗೆ ಕೇಳಿಸದ ಸದ್ದಿಗೆ ಕಂಪನಿ ಪಾರ್ಟು ಕೊಡಲ್ಲ ಮೇಡಂ” ಎಂದ ಕೌಂಟರಿನವನು.

“ಹಾಗಾದ್ರೆ ಸದ್ದನ್ನ ಡಬ್ಬೀಲಿ ತುಂಬ್ಕೊಂಡು ತರ್ಲಾ?”

“ತಂದ್ರೆ ಒಳ್ಳೇದೇ.”

ಸಿಟ್ಟಿಗೆ ಆಡಿದ ಮಾತು ಅದು. ಆದರೆ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೇ ತಿರುಗಿತು. ಎರಡು ಸಲವೂ ತಾನು ಎಲ್ಲರನ್ನೂ ಇಳಿಸಿ, ಖಾಲಿ ವ್ಯಾನನ್ನು ತೆಗೆದುಕೊಂಡು ಹೋಗಿದ್ದಳಲ್ಲವೇ? ಖಾಲಿ ವ್ಯಾನಿನಲ್ಲಿ ಒಬ್ಬಳೇ ಇದ್ದಾಗ ಆ ಸದ್ದನ್ನು ಕೇಳಿದ ನೆನಪು ಒಂದು ದಿನವೂ ಇಲ್ಲ. ಸದ್ದು ತುಂಬಿಕೊಂಡು ಹೋಗಬೇಕಾದ ಡಬ್ಬಿ ವ್ಯಾನೇ. ತುಂಬಬೇಕಾದದ್ದು ಇವರನ್ನು.

ಮರುದಿನ ಬೆಳಿಗ್ಗೆ ಎಲ್ಲರೂ ಹತ್ತಿದ ಮೇಲೆ ಹೇಳಿದಳು. “ಇವತ್ತು ಮೊದಲು ಸರ್ವಿಸ್ ಸೆಂಟರ್. ಕೆಲಸಕ್ಕೆ ಸ್ವಲ್ಪ ತಡ ಆಗುತ್ತೆ. ಯಜಮಾನರಿಗೆ ನಾನೇ ಹೇಳಿದೀನಿ.”

“ನಮ್ಮನ್ನೂ ರಿಪೇರಿ ಮಾಡಿಸ್ತೀಯಾ?” ಎಂದಳು ಕಾಲರ್ ಅಕ್ಕ. “ನನ್ನ ಮಂಡೀನೂ ಕಟ್ ಅನ್ನುತ್ತೆ.”

“ನಿನ್ನ ವಾರಂಟಿ ಮುಗಿದು ಎಷ್ಟೋ ಕಾಲ ಆಯ್ತು ಬಿಡು” ಎಂದು ಅತ್ತೆ ಹಳೆಯ ಲೆಕ್ಕ ತೀರಿಸಿಕೊಂಡರು.

ವ್ಯಾನಿನ ತುಂಬ ಹೆಂಗಸರನ್ನು ನೋಡಿ ಕೌಂಟರಿನವನು ಎದ್ದು ಬಂದ. “ಓ, ಇಷ್ಟು ಜನಾನಾ? ಮಿತಿ ಮೀರಿ ತುಂಬಿದ್ರೆ ವಾರಂಟಿ ಸಿಗಲ್ಲ ಮೇಡಂ.”

ವ್ಯಾನಕ್ಕ ಗಾಡಿಯ ಪುಸ್ತಕಕ್ಕೆ ಕೈ ಹಾಕಿದಳು. ಸದ್ದು ಕೇಳಿಸಲೆಂದು ಕರೆತಂದವರೇ ವಾರಂಟಿಗೆ ಕಲ್ಲು ಹಾಕುತ್ತಾರೇನೋ! ಆದರೆ ಒಳಗಿನವರು ಬಿಡಬೇಕಲ್ಲ. “ಏಳು ಸೀಟು, ಏಳು ಜನ, ಎಲ್ಲರ ಎದೆ ಮೇಲೂ ಬೆಲ್ಟು. ಎಣಿಸ್ಕೊಳಪ್ಪಾ” ಎಂದು ಕಾಲರ್ ಅಕ್ಕ ಗದರಿದಳು. ಅವನು ಬಗ್ಗಿ ಎಣಿಸಿದ, ವ್ಯಾನಿನ ಪುಸ್ತಕ ನೋಡಿದ, ತೆಪ್ಪಗೆ ಮೆಕ್ಯಾನಿಕ್ಕನನ್ನು ಕರೆದ.

ಮೆಕ್ಯಾನಿಕ್ ಅತ್ತೆಯ ಕಡೆಯ ಚಕ್ರದ ಪಕ್ಕ ಮಂಡಿಯೂರಿ ಕೂತ. “ಅಕ್ಕಾ, ನಿಂತಲ್ಲೇ ನಿಧಾನಕ್ಕೆ ತಿರುಗಿಸಿ” ಎಂದ. ಅವಳು ತಿರುಗಿಸಿದಳು. ಸದ್ದು ಬಂತು. ಬಂತೇ ಬಂತು!

“ಕಿರ್!” “ಕಟ್!” “ಟಂಯ್!” ಒಳಗಿನಿಂದ ಎಲ್ಲರೂ ಒಟ್ಟಿಗೆ ಕೂಗಿದರು.

“ಸ್ವಲ್ಪ ಸುಮ್ನಿರಿ ತಾಯಂದಿರಾ! ಸದ್ದಿಗಿಂತ ನಿಮ್ಮ ಗದ್ದಲವೇ ಜಾಸ್ತಿ.” ಅವನು ಚಕ್ರದ ಮೇಲಿನ ದಪ್ಪ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟ. “ಇನ್ನೊಂದ್ಸಲ. ಟಂಯ್ ಅಂದಿದ್ದು ಯಾರು?”

ಅತ್ತೆ ಅಳುಕುತ್ತಾ ಕೈ ಎತ್ತಿದರು.

“ಅಜ್ಜೀ, ನಿಮಗೆ ಟಂಯ್ ಅಂತ ಕೇಳಿದ ತಕ್ಷಣ ಹ್ಞಾಂ ಅನ್ನಿ.”

ಸ್ಟೀರಿಂಗ್ ತಿರುಗಿತು. ಅತ್ತೆ “ಹ್ಞಾಂ” ಎನ್ನುವುದಕ್ಕೂ ಅವನ ಅಂಗೈ ಸ್ಪ್ರಿಂಗಿನ ಮೇಲೆ ಜಿಗಿಯುವುದಕ್ಕೂ ಸರಿಹೋಯಿತು. ಅವನು ನಗುತ್ತಾ ಎದ್ದು ನಿಂತ.

“ಎಲ್ಲರೂ ಸರಿಯಾಗೇ ಹೇಳಿದೀರಿ. ಈ ಸ್ಪ್ರಿಂಗಿನ ತಲೆ ಮೇಲೆ ಒಂದು ಬೇರಿಂಗ್ ಇರುತ್ತೆ. ಚಕ್ರ ತಿರುಗಿದಾಗ ಸ್ಪ್ರಿಂಗೂ ಸಲೀಸಾಗಿ ತಿರುಗಲಿ ಅಂತ. ಅದು ಸಿಕ್ಕಿಹಾಕ್ಕೊಂಡಿದೆ. ಮೊದಲು ಉಜ್ಜಿ ಕಿರ್ ಅನ್ನುತ್ತೆ, ಆಮೇಲೆ ಕಟ್ ಅಂತ ಜಾರುತ್ತೆ, ಅಷ್ಟು ಹೊತ್ತು ತಿರುಚಿಕೊಂಡಿದ್ದ ಸ್ಪ್ರಿಂಗು ಟಂಯ್ ಅಂತ ಬಿಡಿಸಿಕೊಳ್ಳುತ್ತೆ. ಗಾಡಿ ಖಾಲಿ ಇದ್ರೆ ಭಾರ ಸಾಲಲ್ಲ, ಅದಕ್ಕೇ ನಮಗೆ ಕೇಳಿಸಿಲ್ಲ. ಒಬ್ಬೊಬ್ಬರು ಸದ್ದಿನ ಒಂದೊಂದು ತುಂಡು ಹಿಡ್ಕೊಂಡು ಜಗಳ ಆಡಿದೀರಿ, ಅಷ್ಟೇ.”

“ಮೊದಲೇ ಟಂಯ್ ಅಂತ ಹೇಳಬಾರದಿತ್ತಾ ಮೇಡಂ?” ಎಂದ ಕೌಂಟರಿನವನು.

“ಹೇಳಿದ್ರೆ ನೀವು ನಗ್ತಿರಲಿಲ್ವಾ?” ಎಂದಳು ವ್ಯಾನಕ್ಕ. ಅವನು ಸುಳ್ಳು ಹೇಳಲಿಲ್ಲ, ತಲೆ ಕೆರೆದುಕೊಂಡ.

ಬೇರಿಂಗು, ಕೂಲಿ ಎಲ್ಲ ವಾರಂಟಿಯಲ್ಲೇ ಆಯಿತು. ಚಕ್ರಗಳನ್ನು ನೇರಕ್ಕೆ ಕೂರಿಸುವ ಖರ್ಚು ಮಾತ್ರ ಗಿರಾಕಿಯದು ಎಂದರು. ಅಷ್ಟನ್ನು ಅವಳು ಹಗುರ ಮನಸ್ಸಿನಿಂದಲೇ ಕೊಟ್ಟಳು. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ಕಾಲರ್ ಅಕ್ಕ ಅತ್ತೆಯ ಪಕ್ಕಕ್ಕೆ ಸರಿದು ಕೂತು, “ತಗೊಳ್ಳಿ ದೊಡ್ಡಮ್ಮ” ಎಂದು ತನ್ನ ಚಹಾದ ಲೋಟವನ್ನೇ ಅವರ ಕೈಗಿಟ್ಟಳು. ಅತ್ತೆ ಬಿಗುಮಾನ ಬಿಡದೆ ಅರ್ಧ ಕುಡಿದು, ಉಳಿದರ್ಧವನ್ನು ಅವಳಿಗೇ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ವ್ಯಾನು ಕಾರ್ಖಾನೆಯ ಗೇಟಿನಲ್ಲಿ ತಿರುಗಿತು. ಯಜಮಾನ ಬಾಗಿಲಿಗೆ ಬಂದು ಕಿವಿಗೊಟ್ಟು ನಿಂತ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

“ಪರವಾಗಿಲ್ವೇ! ಸಂಜೆ ಪಾಳಿಯವರನ್ನೂ ನೀನೇ ಕರ್ಕೊಂಡು ಬರ್ತೀಯಾ?”

ವ್ಯಾನಕ್ಕ ಗಂಭೀರವಾಗಿ, “ಯೋಚನೆ ಮಾಡಿ ಹೇಳ್ತೀನಿ ಸಾರ್” ಎಂದಳು.

ಅತ್ತೆ ಅವಳ ತೋಳು ಚಿವುಟಿ ಪಿಸುಗುಟ್ಟಿದರು. “ಯೋಚನೆ ಎಂಥದೇ? ಹ್ಞೂಂ ಅನ್ನು!”

“ದರ ಮಾತಾಡದೆ ಹ್ಞೂಂ ಅಂದ್ರೆ ಹೇಗೆ ಅತ್ತೆ? ನೀವು ಇಳೀರಿ, ತಡ ಆಯ್ತು” ಎಂದು ಸೊಸೆ ನಗು ತಡೆದುಕೊಂಡು ಬಾಗಿಲು ತೆರೆದಳು.