ಎಲ್ಲರೂ ನಕ್ಕರು

ನಾನು ಸಿಟಿ ಬಸ್ಸು ಓಡಿಸುವವಳು. ಬಸ್ಸಿಗೆ ಬ್ರೇಕ್ ಇದೆ, ನನ್ನ ಬಾಯಿಗಿಲ್ಲ. ಮಗಳ ಶಾಲೆಯಲ್ಲಿ ಈ ವರ್ಷವೂ ಅದೇ ಹಳೆಯ ಕಾದಂಬರಿಯನ್ನು ಮಕ್ಕಳಿಗೆ ಪಾತ್ರ ಹಂಚಿ ವೇದಿಕೆ ಮೇಲೆ ಓದಿಸುತ್ತಾರೆ, ಕರಿ ಆಳಿನ ಪಾತ್ರ ಅವಳಿಗೇ ಬಂದಿದೆ ಎಂದು ತಿಳಿದ ದಿನ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಮೇಷ್ಟ್ರ ಕೋಣೆಗೆ ನುಗ್ಗಿದೆ.

ಮೇಷ್ಟ್ರು ನನಗೂ ಪಾಠ ಹೇಳಿದವರು. ನನಗೂ ಅದೇ ಪಾತ್ರ ಕೊಟ್ಟಿದ್ದರು. ತರಗತಿಗೆ ನಾನೊಬ್ಬಳೇ ಅಷ್ಟು ಕಪ್ಪಗಿದ್ದೆ, ಇನ್ಯಾರಿಗೆ ಕೊಟ್ಟಾರು! ಕತೆಯಲ್ಲಿ ಯಜಮಾನನ ಗಡಿಯಾರ ಕಳೆಯುತ್ತದೆ. ಅವನು ಅತಿಥಿಗಳೆದುರೇ ಆಳಿನ ಜೇಬು ತಡಕಿಸಿ, ‘ಈ ಕರಿಯರಿಗೆ ಮಾನ ಅಂತ ಒಂದಿದೆಯೇ?’ ಎನ್ನುತ್ತಾನೆ. ಆಳು ಹೆದರಿ ತೊದಲುತ್ತಾನೆ. ‘ಎಲ್ಲರೂ ನಕ್ಕರು’ ಎಂದು ಪುಸ್ತಕದಲ್ಲಿದೆ. ನಾನು ತೊದಲಿದಾಗ ಸಭೆಯಲ್ಲೂ ಎಲ್ಲರೂ ನಕ್ಕಿದ್ದರು. ಆ ನಗು ಇವತ್ತಿಗೂ ಕಿವಿಯಲ್ಲಿದೆ.

“ಆ ಪುಸ್ತಕ ತೆಗೆದುಹಾಕಿ ಸಾರ್. ನಮ್ಮನ್ನ ಆಡಿಕೊಳ್ಳೋಕೇ ಬರೆದಿರೋದು ಅದು.”

“ಅಲ್ಲಮ್ಮಾ, ಬರೆದವರು ಆ ಕ್ರೌರ್ಯ ತೋರಿಸಿದ್ದಾರೆ. ಗಡಿಯಾರ ಕೊನೆಗೆ ಯಜಮಾನನ ಕೋಟಲ್ಲೇ ಸಿಗುತ್ತಲ್ಲ?”

“ಸಿಗುತ್ತೆ. ಅಷ್ಟು ಹೊತ್ತಿಗೆ ಎಲ್ಲರೂ ನಕ್ಕು ಮುಗಿಸಿರ್ತಾರೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಆಯ್ತು, ಬಿಟ್ಟುಬಿಡೋಣ” ಎಂದರು. ಗೆದ್ದೆ ಅಂದುಕೊಂಡೆ. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಮಗಳು ಎಲ್ಲ ಕೆಡಿಸಿದಳು.

“ಬಿಡಬೇಡಿ ಸಾರ್. ನಂಗೆ ಯಜಮಾನನ ಪಾತ್ರ ಕೊಡಿ.”

“ತಲೆ ಕೆಟ್ಟಿದ್ಯೇನೇ ಪುಟ್ಟಿ? ಆ ಮಾತು ನಿನ್ನ ಬಾಯಲ್ಲಿ ಬರಬೇಕಾ?”

“ಬೇರೆಯವರ ಬಾಯಲ್ಲಿ ಕೇಳಿ ಸಾಕಾಗಿದೆ ಅಮ್ಮ.”

ದಾರಿಯುದ್ದಕ್ಕೂ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಬೈಯುತ್ತಾ ನಡೆದೆ. ಕೋಪ ಅಂತ ತೋರಿಸಿಕೊಂಡೆ, ಒಳಗಿದ್ದದ್ದು ಭಯ. ಭೂಮಿ ಬಾಯಿಬಿಡಬಾರದೇ ಎಂದು ನಾನು ನಿಂತಿದ್ದ ಜಾಗದಲ್ಲಿ ಅವಳು ನಿಲ್ಲುವುದು ನನಗೆ ಬೇಡವಾಗಿತ್ತು.

ಓದುವ ದಿನ ಮೊದಲ ಸಾಲಿನಲ್ಲೇ ಕುಳಿತೆ. ಯಾರಾದರೂ ಕಿಸಕ್ಕೆಂದರೆ ಗ್ರಹಚಾರ ಬಿಡಿಸುವುದೆಂದೇ ಬಂದಿದ್ದೆ. ಮೇಷ್ಟ್ರು ಯಜಮಾನನ ಪಾತ್ರವನ್ನು ನನ್ನ ಮಗಳಿಗೇ ಕೊಟ್ಟಿದ್ದರು, ಆಳಿನದು ಡಾಕ್ಟರ ಮಗನಿಗೆ ಹೋಗಿತ್ತು. ಹಾಲಿನಷ್ಟು ಬಿಳಿ ಹುಡುಗ. ನನ್ನ ಮಗಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. ಕೂಗಲಿಲ್ಲ, ಅಣಕಿಸಲಿಲ್ಲ. ಊಟದ ಮೇಜಿನಲ್ಲಿ ಉಪ್ಪು ಕೇಳುವಷ್ಟು ಸಹಜವಾಗಿ ಹೇಳಿದಳು: “ಈ ಕರಿಯರಿಗೆ ಮಾನ ಅಂತ ಒಂದಿದೆಯೇ?”

ಹುಡುಗ ತೊದಲಿದ. ನಡುವಿನ ಕತೆ ಓದುತ್ತಿದ್ದ ಮೇಷ್ಟ್ರು ಮುಂದಿನ ಸಾಲಿಗೆ ಬಂದರು.

“ಎಲ್ಲರೂ ನಕ್ಕರು.”

ಯಾರೂ ನಗಲಿಲ್ಲ. ನನ್ನ ಜೊತೆ ಓದಿದವರು, ಅಂದು ಬಿದ್ದು ಬಿದ್ದು ನಕ್ಕವರು, ಇಂದು ಅಪ್ಪ ಅಮ್ಮಂದಿರಾಗಿ ತಲೆ ತಗ್ಗಿಸಿ ಕುಳಿತಿದ್ದರು. ಮೇಷ್ಟ್ರು ಆ ಸಾಲು ದಾಟಲು ನೀರು ಕುಡಿಯಬೇಕಾಯಿತು. ನಾನು ಪಕ್ಕದ ಹೆಂಗಸಿಗೆ ಮೊಣಕೈಯಿಂದ ತಿವಿದು, “ನನ್ನ ಮಗಳು ರೀ!” ಎಂದೆ. ಅವರಿಗೆ ಗೊತ್ತಿಲ್ಲದ್ದೇನಲ್ಲ, ಇಡೀ ಸಭೆಗೆ ಅಷ್ಟು ಕಪ್ಪಗಿದ್ದವರು ನಾವಿಬ್ಬರೇ.

ಮುಗಿದ ಮೇಲೆ ಮೇಷ್ಟ್ರು ಅವಳನ್ನು ಕರೆದರು. “ನೀನೇ ಹೇಳು, ಪುಸ್ತಕ ಕೆಟ್ಟದ್ದಾ?”

“ಗಡಿಯಾರ ಹೇಗಿತ್ತು ಅಂತ ಒಂದು ಪುಟ ಬರೆದಿದ್ದಾರೆ ಸಾರ್, ಆಳಿಗೆ ಒಂದು ಹೆಸರಿಲ್ಲ. ಅದು ಬರೆದವರ ತಪ್ಪು. ಅಮ್ಮನ್ನ ನೋಡಿ ನಕ್ಕಿದ್ದು ಮಾತ್ರ ನಕ್ಕವರ ತಪ್ಪು.”

ಮೇಷ್ಟ್ರು ನನ್ನತ್ತ ತಿರುಗಿದರು. “ನಾನೂ ನಕ್ಕಿದ್ದೆ ಕಣಮ್ಮಾ” ಎಂದರು.

ನನ್ನ ಬಾಯಿಗೆ ಜೀವಮಾನದಲ್ಲಿ ಮೊದಲ ಸಲ ಬ್ರೇಕ್ ಬಿತ್ತು.

“ಮುಂದಿನ ವರ್ಷ ಆಳಿನ ಪಾತ್ರ ಯಾರಿಗೆ ಕೊಡಲಿ?” ಎಂದು ಅವರೇ ಮೆಲ್ಲಗೆ ಕೇಳಿದರು.

“ಚೀಟಿ ಎತ್ತಿ ಸಾರ್” ಎಂದಳು ನನ್ನ ಮಗಳು. “ನನ್ನ ಹೆಸರೂ ಹಾಕಿ.”