ತೊಂಬತ್ತರ ಕೆಳಗೆ

ನನ್ನ ಗಂಡ ದಿಲೀಪ್ ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ ಟೆಸ್ಟರ್ ಹಿಡಿದ. ಅದು ಕಮಕ್ ಕಿಮಕ್ ಎನ್ನಲಿಲ್ಲ. ಗೆದ್ದವನಂತೆ ನನ್ನ ಕಡೆ ತಿರುಗಿದ.

"ನೋಡ್ದಾ? ಕರೆಂಟೂ ಇಲ್ಲ, ಗಿರೆಂಟೂ ಇಲ್ಲ. ಸುಮ್ಸುಮ್ನೆ ತಲೆ ತಿಂತೀಯ."

ಪೆನ್ನಿನಂಥ ಟೆಸ್ಟರ್ ಅದು. ತಂತಿ ಮುಟ್ಟಬೇಕಾಗಿಲ್ಲ, ಹತ್ತಿರ ಹಿಡಿದರೆ ಸಾಕು, ಕರೆಂಟಿದ್ದರೆ ಕೆಂಪು ದೀಪ ಹತ್ತಿ ಕೂಗುತ್ತದೆ. ನಾನೇ ಕಾಟ ಕೊಟ್ಟು ಪಾಂಡವಪುರದಿಂದ ತರಿಸಿದ್ದು. ಮೊದಲು ಅಡುಗೆಮನೆಯ ಪ್ಲಗ್ಗಿಗೆ ಹಿಡಿದಾಗ ಚೆನ್ನಾಗಿಯೇ ಕೂಗಿತ್ತು, ಹಾಗಾಗಿ ಕೆಟ್ಟಿದೆ ಎನ್ನುವಂತೆಯೂ ಇರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಹೊಸ ಕೊಟ್ಟಿಗೆ ಕಟ್ಟಿದ ಮೇಲೆ ನಮ್ಮ ಹಸು ಚುಕ್ಕಿ ಹಾಲು ಕರೆಯಲು ಕೂತರೆ ಸಾಕು, ಒದೆಯುತ್ತಿತ್ತು. ಕೊಟ್ಟಿಗೆಯ ವೈರಿಂಗ್ ದಿಲೀಪನದೇ, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು. ಮೇವು ಕತ್ತರಿಸುವ ಮಿಷನ್ನಿಗೆ ಆ ಕಂಬದ ಒಳಗಿಂದಲೇ ವೈರು ಇಳಿಸಿದ್ದ. ಹೊರಗೆ ಜೋತಾಡಬಾರದಂತೆ, ನೀಟಾಗಿರಬೇಕಂತೆ. ಹಸುವಿನ ಸರಪಳಿಯೂ ಅದೇ ಕಂಬಕ್ಕೆ. ಅಕ್ಕಪಕ್ಕದವರು ದೃಷ್ಟಿ ಎಂದರು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಕೊನೆಗೆ ದಿಲೀಪ್, ಇದನ್ನು ಮಾರಿ ಬೇರೆಯದು ತರೋಣ ಎಂದ. ಹಸು ಬದಲಾದರೆ ಕಂಬ ಬದಲಾಗುತ್ತದೆಯೇ?

ಹಸುವಿನ ಮಾತು ಹಾಗಿರಲಿ, ನನ್ನ ಭಯವೆಲ್ಲ ಅತ್ತೆ ದೊಡ್ಡತಾಯಮ್ಮನವರದು. ನಾನು ಕೊಟ್ಟಿಗೆಗೆ ರಬ್ಬರ್ ಚಪ್ಪಲಿ ಮೆಟ್ಟಿ ಹೋಗುತ್ತೇನೆ, ದಿಲೀಪ್ ಗಂಬೂಟು ಹಾಕುತ್ತಾನೆ. ಅತ್ತೆ ಮಾತ್ರ ಚಪ್ಪಲಿ ಹೊರಗೆ ಬಿಡುತ್ತಾರೆ. ಹಸುವಿನ ಮುಂದೆ ಮೆಟ್ಟಿಕೊಂಡು ನಿಲ್ಲುವುದೆಂದರೆ ಅವರಿಗೆ ದೇವರ ಮನೆಗೆ ಮೆಟ್ಟಿಕೊಂಡು ಹೋದ ಹಾಗೆ. ನೆಲಕ್ಕೆ ನೀರು ಹುಯ್ದು, ಕೆಚ್ಚಲು ತೊಳೆದು, ಆ ಒದ್ದೆಯಲ್ಲೇ ಬರಿಗಾಲಲ್ಲಿ ಕುಕ್ಕರುಗಾಲು ಹಾಕಿ ಕೂರುತ್ತಾರೆ. ಮಂಡಿ ನೋವು, ಏಳುವಾಗ ಕಂಬ ಹಿಡಿಯಲೇಬೇಕು. ಒಂದು ಬೆಳಿಗ್ಗೆ ಹಾಗೆ ಹಿಡಿದವರು ತಟ್ಟನೆ ಬಿಟ್ಟು ಕೈ ಕೊಡವಿದ್ದನ್ನು ನಾನು ನೋಡಿದೆ.

"ಏನಾಯ್ತತ್ತೆ?"

"ಏನಿಲ್ಲ ಕಣವ್ವ, ವಾತ. ಕೈ ಜುಂ ಅಂತದೆ. ವಯಸ್ಸಾಯ್ತಲ್ಲ."

"ಕಂಬ ಹಿಡ್ದಾಗ ಮಾತ್ರನಾ?"

"ಅದ್ಯಾವನು ನೋಡ್ಕಂಡವ್ನೆ, ಬುಡವ್ವ ಅತ್ಲಾಗೆ."

ಟೆಸ್ಟರ್ ತರಿಸಿದ್ದು ಅದಕ್ಕೇ. ಈಗ ಆ ಟೆಸ್ಟರೇ ಕರೆಂಟಿಲ್ಲ ಎಂದಮೇಲೆ ನನ್ನ ಮಾತನ್ನು ಯಾರು ಕೇಳುತ್ತಾರೆ?

ಮಾರನೆಯ ದಿನ ಕೆಲಸಕ್ಕೆ ಹೋದೆ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ನಾನು ಕೂರುವುದು. ಕೂತಲ್ಲಿ ಕೂರಲಾಗಲಿಲ್ಲ. ಒಬ್ಬರ ಪಹಣಿಯನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ. ಅತ್ತೆಗೆ ಫೋನ್ ಮಾಡಿ, ಸಂಜೆ ನಾನು ಬರುವ ತನಕ ಹಾಲು ಕರೆಯಬೇಡಿ ಎಂದೆ.

"ನೀನ್ ಬರಗಂಟ ಡೈರಿಯೋರು ಕಾಯ್ತಾರಾ? ನಿಂಗೇನ್ ಬಂದದೆ ಇವತ್ತು?" ಎಂದು ಇಟ್ಟೇಬಿಟ್ಟರು.

ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ ಬಸ್ ಸ್ಟ್ಯಾಂಡ್ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಗೆ ಓಡಿದೆ. ಹಳೆಯ ಟೆಸ್ಟರನ್ನೂ ಅದರ ರಟ್ಟನ್ನೂ ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ. ಮುಟ್ಟದೆ ನೋಡುವ ಟೆಸ್ಟರ್ ಎಷ್ಟು ಬಗೆಯದಿದ್ದರೂ ತೆಗೆಯಿರಿ ಎಂದೆ.

"ಎಲ್ಲಾ ಒಂದೇ ಕಣಕ್ಕ, ಬಣ್ಣ ಬ್ಯಾರೆ ಅಷ್ಟೆ," ಎಂದ ಅಂಗಡಿಯವನು. "ಇದ್ರಲ್ಲಿ ಟಾರ್ಚೂ ಐತೆ, ತಗಳಿ."

ಟಾರ್ಚ್ ಕಟ್ಟಿಕೊಂಡು ನಾನೇನು ಮಾಡಲಿ? ಒಂದೊಂದನ್ನೇ ಅವನ ಫ್ಯಾನಿನ ಸ್ವಿಚ್ಚಿಗೆ ಹಿಡಿದೆ. ಎಲ್ಲವೂ ಕೂಗಿದವು. ಒಂದಂತೂ ನನ್ನ ದುಪಟ್ಟಾಕ್ಕೆ ಉಜ್ಜಿದ್ದಕ್ಕೇ ಕಿರುಚಿಕೊಂಡಿತು, ಕರೆಂಟು ನನ್ನೊಳಗೇ ಇರುವ ಹಾಗೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ರಟ್ಟುಗಳನ್ನು ತಿರುಗಿಸಿ ಸಣ್ಣ ಅಕ್ಷರ ಓದತೊಡಗಿದೆ. ಟಾರ್ಚಿನದರ ಮೇಲೆ, ತೊಂಬತ್ತರಿಂದ ಸಾವಿರ ವೋಲ್ಟ್. ನನ್ನ ಬ್ಯಾಗಿನದರ ಮೇಲೂ ತೊಂಬತ್ತರಿಂದ ಸಾವಿರ. ದುಪಟ್ಟಾಕ್ಕೆ ಹೆದರಿ ಕಿರುಚಿದ್ದರ ಮೇಲೆ, ಹನ್ನೆರಡರಿಂದ ಸಾವಿರ.

ಅಲ್ಲೇ ನಿಂತುಬಿಟ್ಟೆ. ನಮ್ಮ ಟೆಸ್ಟರ್ ಸುಳ್ಳು ಹೇಳಿರಲಿಲ್ಲ. ತೊಂಬತ್ತಕ್ಕಿಂತ ಹೆಚ್ಚಿಲ್ಲ ಎಂದು ಮಾತ್ರ ಹೇಳಿತ್ತು. ಕರೆಂಟೇ ಇಲ್ಲ ಎಂದು ತಿಳಿದುಕೊಂಡವರು ನಾವು. ಅದರ ಕೆಳಗೆ ಐವತ್ತಿದ್ದರೆ, ಅರವತ್ತಿದ್ದರೆ? ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಅಷ್ಟು ಸಾಲದೇ?

"ಅದು ಬ್ಯಾಡ ಅಕ್ಕ, ಕಂಡಿದ್ದಕ್ಕೆಲ್ಲಾ ಬಡ್ಕತದೆ. ವಾಪಸ್ ತಂದ್ರೆ ತಗಳಕಿಲ್ಲ."

"ಬಡ್ಕೊಳ್ಳೋದೇ ಬೇಕಾಗಿರೋದು, ಕೊಡಿ," ಎಂದೆ.

ಮಾಲೀಕರಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಬೇಗ ಹೊರಟೆ. ಪಾಂಡವಪುರದ ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಡ್ರೈವರ್ ಹಾರನ್ನನ್ನೂ ಹೊಡೆಯದೆ ಆರಾಮಾಗಿ ಬರುತ್ತಿದ್ದ. ಇಳಿದು ತಳ್ಳೋಣ ಎನ್ನಿಸಿತು. ಅತ್ತೆಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತದಿದ್ದರೆ ಅತ್ತೆ ಕೊಟ್ಟಿಗೆಯಲ್ಲಿದ್ದಾರೆ ಎಂದು ಅರ್ಥ. ತೊಣ್ಣೂರಿನ ಹತ್ತಿರದ ನಮ್ಮೂರ ಗೇಟಿನಲ್ಲಿ ಇಳಿದವಳು ಓಡಿಕೊಂಡೇ ಹೋದೆ. ದಾರಿಯಲ್ಲಿ ಕಂಡವರು ಏನಾಯಿತು ಎಂದು ಕೂಗಿದರು, ನಾನು ತಿರುಗಲಿಲ್ಲ.

ಕೊಟ್ಟಿಗೆಯಲ್ಲಿ ಅತ್ತೆ ನೀರು ಹುಯ್ದು ಮುಗಿಸಿ ಬಕೆಟ್ ಇಡುತ್ತಿದ್ದರು. ಚಪ್ಪಲಿ ಬಾಗಿಲಲ್ಲಿತ್ತು.

"ಅತ್ತೆ, ಕಂಬ ಮುಟ್ಬೇಡಿ! ಈಚೆ ಬನ್ನಿ!"

ನನ್ನ ಕೂಗಿಗೆ ದಿಲೀಪನೂ ಮನೆಯೊಳಗಿಂದ ಬಂದ. "ಮತ್ತೆ ಶುರುವಾಯ್ತಾ?" ಎಂದ. ನಾನು ಹೊಸ ಟೆಸ್ಟರನ್ನು ಮೊದಲು ಮೂಲೆಯ ಕಂಬಕ್ಕೆ ಹಿಡಿದೆ. ಸುಮ್ಮನಿತ್ತು. ಚುಕ್ಕಿಯ ಕಂಬಕ್ಕೆ ಹಿಡಿದೆ. ಕೆಂಪು ದೀಪ ಹತ್ತಿ ಕೂಗತೊಡಗಿತು.

"ಅದು ಡೂಪ್ಲಿಕೇಟ್ ಕಣೆ," ಎಂದ ದಿಲೀಪ್.

"ಮೇನ್ ಆಫ್ ಮಾಡಿ, ನೋಡೋಣ."

ಗೊಣಗುತ್ತಲೇ ಹೋಗಿ ಆಫ್ ಮಾಡಿದ. ಕೂಗು ನಿಂತಿತು. ಆನ್ ಮಾಡಿದ, ಮತ್ತೆ ಕೂಗಿತು. ಇನ್ನೊಂದು ಸಲ ಆಫ್ ಮಾಡಿ ಬಂದವನು ಸ್ಟೂಲು ಹತ್ತಿ ಕಂಬದ ಬಾಯಿಂದ ವೈರನ್ನು ಎಳೆದ. ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಕಿತ್ತುಹೋಗಿ, ಒಳಗಿನ ತಾಮ್ರ ಕಾಣುತ್ತಿತ್ತು. ವೈರನ್ನು ಕೈಯಲ್ಲಿ ಹಿಡಿದೇ ಅವನು ಸ್ಟೂಲಿನಿಂದ ಇಳಿದ.

"ಅವ್ವ, ನಿಂಗೂ ಕರೆಂಟ್ ಹೊಡೀತಿತ್ತಾ?" ಎಂದು ಕೇಳಿದ.

ಅತ್ತೆ ತಮ್ಮ ಬಲಗೈಯನ್ನು ಮಗುಚಿ ನೋಡಿಕೊಳ್ಳುತ್ತಿದ್ದರು. "ಅಂಗಾರೆ ನಂಗೆ ವಾತ ಅಲ್ವಾ?"

"ಅಲ್ಲ ಅತ್ತೆ, ಶಾಕು. ದಿನಾ ಎರಡು ಹೊತ್ತೂ," ಎಂದೆ. ಹೇಳುವಾಗ ಅಳು ಬಂದುಬಿಟ್ಟಿತು. "ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತಾ?"

"ಏಳಿ ಏನ್ ಮಾಡನೆ? ನೋವು ಅಂತ ಕೂತ್ಕಂಡ್ರೆ ಮನೆ ನಡ್ದದಾ, ಮಂಡಿ ನೋವ್ ಜೊತೆ ಇದೂ ಒಂದು ಅಂದ್ಕಂಡೆ."

ಚುಕ್ಕಿ ಒದ್ದೆ ನೆಲದಲ್ಲಿ ಕಿವಿ ಆಡಿಸುತ್ತ ಸುಮ್ಮನೆ ನಿಂತಿತ್ತು. ಅತ್ತೆ ಅದರ ಹತ್ತಿರ ಹೋಗಿ ಬೆನ್ನ ಮೇಲೆ ಕೈ ಇಟ್ಟರು.

"ನೀನೇ ವಾಸಿ ಕಣವ್ವ," ಎಂದರು. "ನೀನು ಒದ್ದಾದ್ರೂ ಒದ್ದೆ. ನಾನು ಅದ್ನೂ ಮಾಡ್ನಿಲ್ಲ."